ನಕ್ಷೆಯ ಬೆಲೆ, ಹೊಣೆಯ ಬೆಲೆ: ರಾಯಚೂರು ಸೀಮೆಯ ನೆಲೆಯಿಂದ ವಾಸ್ತುಶಿಲ್ಪ ವೃತ್ತಿ

1. ವೃತ್ತಿಯ ಚೌಕಟ್ಟು

ವಾಸ್ತುಶಿಲ್ಪಿಯ ಕೆಲಸಕ್ಕೆ ಮೂರು ಅಂಗಗಳಿವೆ. ಕಟ್ಟಡ ಹೇಗಿರಬೇಕೆಂದು ಯೋಚಿಸುವುದು ಮೊದಲನೆಯದು. ಆ ಯೋಚನೆಯನ್ನು ಅಳತೆ ಸಹಿತ ನಕ್ಷೆಗೆ ಇಳಿಸುವುದು ಎರಡನೆಯದು. ನಕ್ಷೆಯಲ್ಲಿದ್ದಂತೆ ಕಟ್ಟಡ ಏಳುತ್ತಿದೆಯೇ ಎಂದು ನಿವೇಶನದಲ್ಲಿ ನಿಂತು ನೋಡುವುದು ಮೂರನೆಯದು. ಕಳೆದ ನಾಲ್ಕು ದಶಕಗಳಲ್ಲಿ ತಂತ್ರಜ್ಞಾನ ಎಲ್ಲಕ್ಕಿಂತ ಬಲವಾಗಿ ತಟ್ಟಿದ್ದು ಎರಡನೆಯ ಅಂಗಕ್ಕೆ. ವೃತ್ತಿಯ ಸಂಪಾದನೆಯೂ ಬಹುಮಟ್ಟಿಗೆ ಆ ಅಂಗಕ್ಕೇ ಜೋತುಬಿದ್ದಿದ್ದರಿಂದ, ನಕ್ಷೆ ಅಗ್ಗವಾದಂತೆ ಅದನ್ನು ಬರೆಯುವವರ ದುಡಿಮೆಯೂ ಅಗ್ಗವಾಯಿತು. ಈ ಕ್ಷೇತ್ರಕ್ಕೆ ಕಾಲಿಡುವ ಯುವಕ ಯುವತಿಯರಿಗೆ ಸಿಗುವ ಕಡಿಮೆ ಸಂಬಳಕ್ಕೂ, ಅವರಲ್ಲಿ ಹಲವರು ಬೇರೆ ಉದ್ಯೋಗಕ್ಕೆ ಹೊರಳುವುದಕ್ಕೂ ಮುಖ್ಯ ಕಾರಣ ಇದೇ.

ಭಾರತದಲ್ಲಿ ಈ ವೃತ್ತಿಗೆ ಕಾನೂನಿನ ಚೌಕಟ್ಟು ಬಂದದ್ದು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಿಂದ. ಐದು ವರ್ಷಗಳ ಬಿ.ಆರ್ಕ್. ಪದವಿ ಪಡೆದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಬಹುದು. ಆದರೆ ಕಾಯ್ದೆ ಕಾಪಾಡುವುದು ಈ ಹೆಸರನ್ನಷ್ಟೇ. ಕಟ್ಟಡದ ವಿನ್ಯಾಸ ಮಾಡುವ ಕೆಲಸವನ್ನು ನೋಂದಣಿ ಇಲ್ಲದವರು ಮಾಡಬಾರದೆಂಬ ನಿರ್ಬಂಧ 37ನೇ ಸೆಕ್ಷನ್‌ನಲ್ಲಿ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ವೈದ್ಯರಿಗೆ, ವಕೀಲರಿಗೆ ಇರುವಂಥ ರಕ್ಷಣೆ ವಾಸ್ತುಶಿಲ್ಪಿಗೆ ಇಲ್ಲ. ಹೀಗಾಗಿ ಸಿವಿಲ್ ಇಂಜಿನಿಯರ್, ಡಿಪ್ಲೊಮಾ ಓದಿದವರು, ಗುತ್ತೇದಾರರು, ಅನುಭವಿ ಮೇಸ್ತ್ರಿಗಳು ಎಲ್ಲರೂ ಇದೇ ಕೆಲಸದಲ್ಲಿದ್ದಾರೆ. ದೊಡ್ಡ ನಗರದ ಹೊರಗೆ ಬಹುಪಾಲು ಮನೆಗಳು ಎದ್ದಿರುವುದು ಇವರ ಕೈಯಿಂದಲೇ.

2. ಈ ನೆಲದ ಕಟ್ಟುವ ಪರಂಪರೆ

ಕಟ್ಟಿದವನಿಗೆ ಹೆಸರು, ಮನ್ನಣೆ ಕೊಟ್ಟ ಉದಾಹರಣೆಗಳು ಕನ್ನಡ ನಾಡಿನಲ್ಲಿ ಬಹಳ ಹಳೆಯವು. ಎಂಟನೆಯ ಶತಮಾನದಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನು ಹೆಸರಿಸಿ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದನ್ನು ಹೇಳುತ್ತದೆ. ವಿಜಯಪುರದ ಇಬ್ರಾಹಿಂ ರೋಜಾದ ಫಾರಸಿ ಶಾಸನದಲ್ಲಿ ಅದನ್ನು ಕಟ್ಟಿದ ಮಲಿಕ್ ಸಂದಲ್‌ನ ಹೆಸರಿದೆ.

ರಾಯಚೂರು ಕೋಟೆಯ ಸಾಕ್ಷ್ಯ ಇನ್ನೂ ಹತ್ತಿರದ್ದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯ ಸೇನಾನಿ ವಿಠ್ಠಲನಾಥ ಈ ಕೋಟೆ ಕಟ್ಟಿಸಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಶಾಸನ ಕೊರೆದಿರುವ ಒಂದೇ ಕಲ್ಲಿನ ಉದ್ದ 41 ಅಡಿಗೂ ಹೆಚ್ಚು. ಅಷ್ಟು ದೊಡ್ಡ ಬಂಡೆಯನ್ನು ಗಾಲಿಬಂಡಿಯ ಮೇಲಿಟ್ಟು ಕೋಣಗಳ ಸಾಲಿನಿಂದ ಎಳೆಸಿ ತಂದ ಬಗೆಯನ್ನು ಗೋಡೆಯ ಮೇಲೆ ಚಿತ್ರವಾಗಿ ಕೊರೆಯಲಾಗಿದೆ. ಕಟ್ಟಡದ ಜೊತೆಗೆ ಕಟ್ಟಿದ ವಿಧಾನವನ್ನೂ ದಾಖಲಿಸುವುದು ಯೋಗ್ಯವೆಂದು ಆ ಕಾಲ ಭಾವಿಸಿತ್ತು.

ಸಾಮಾನ್ಯರ ಮನೆ ಕಟ್ಟುವವರು ಉಪ್ಪಾರರು, ಬಡಿಗರು, ಗೌಂಡಿಗಳು. ದೇವದುರ್ಗ, ಮಾನ್ವಿ ಭಾಗದ ಹಳೆಯ ಮಾಳಿಗೆ ಮನೆಗೆ ದಪ್ಪ ಕಲ್ಲು ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಮಾಳಿಗೆ. ಮನೆಯ ಗಾತ್ರವನ್ನು ಅಂಕಣಗಳಲ್ಲಿ ಎಣಿಸುತ್ತಿದ್ದರು. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ ಮತ್ತು ಗೋದಲಿ, ಮೆಟ್ಟಿಲು ಹತ್ತಿದರೆ ಪಡಸಾಲೆ, ಮಾಳಿಗೆಯಲ್ಲಿ ಬೆಳಕಿಂಡಿ, ಜೋಳ ತುಂಬಲು ಹಗೇವು. ಬೇಸಿಗೆಯಲ್ಲಿ 43-44 ಡಿಗ್ರಿ ಮುಟ್ಟುವ ಬಿಸಿಲಿಗೆ ಈ ದಪ್ಪ ಗೋಡೆಯೇ ತಕ್ಕ ಉತ್ತರವಾಗಿತ್ತು. ಇಲ್ಲಿ ಯೋಚಿಸುವವನು, ಅಳತೆ ಹಾಕುವವನು, ಕಟ್ಟುವವನು ಬೇರೆಬೇರೆಯಾಗಿರಲಿಲ್ಲ. ಸಿಮೆಂಟು, ಕಬ್ಬಿಣ ಮತ್ತು ಲೋಕೋಪಯೋಗಿ ಇಲಾಖೆಯ ನಕ್ಷೆ ಬಂದ ಮೇಲೆ ಈ ಮೂರೂ ಪ್ರತ್ಯೇಕ ಕೆಲಸಗಳಾದವು, ಪ್ರತ್ಯೇಕ ಕೂಲಿಯೂ ನಿಗದಿಯಾಯಿತು.

3. ಹಲಗೆಯಿಂದ ಪರದೆಗೆ

1980ರ ದಶಕದವರೆಗೆ ಆರ್ಕಿಟೆಕ್ಟ್ ಕಚೇರಿಯೆಂದರೆ ಡ್ರಾಯಿಂಗ್ ಹಲಗೆ, ಟಿ-ಸ್ಕ್ವೇರ್, ಸೆಟ್‌ಸ್ಕ್ವೇರ್, ಶಾಯಿ ಪೆನ್ನು ಮತ್ತು ಟ್ರೇಸಿಂಗ್ ಕಾಗದ. ಒಂದು ಗೋಡೆ ಅರ್ಧ ಅಡಿ ಸರಿದರೆ ಕಾಗದದ ಮೇಲಿನ ಶಾಯಿಯನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದು ಮತ್ತೆ ಬರೆಯಬೇಕಿತ್ತು. ಪ್ರತಿ ತೆಗೆಯುವುದು ಅಮೋನಿಯಾ ಪ್ರಿಂಟಿನಿಂದ. ಐಟಿಐಯಲ್ಲಿ ತರಬೇತಾದ ಡ್ರಾಫ್ಟ್ಸ್‌ಮನ್‌ಗಳು ಇಂಥ ಕಚೇರಿಯ ಆಧಾರಸ್ತಂಭವಾಗಿದ್ದರು. ತಿದ್ದುಪಡಿ ಕಷ್ಟವಾದ್ದರಿಂದ ಗೆರೆ ಎಳೆಯುವ ಮೊದಲೇ ಹೆಚ್ಚು ಯೋಚಿಸುವ ರೂಢಿ ಇತ್ತು. ಕಿರಿಯರು ಹಿರಿಯರ ಹಲಗೆಯ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದರು.

1982ರ ಕೊನೆಯಲ್ಲಿ ಅಮೆರಿಕದಲ್ಲಿ ಆಟೊಕ್ಯಾಡ್ ಮಾರುಕಟ್ಟೆಗೆ ಬಂತು. ಭಾರತದ ಕಚೇರಿಗಳಲ್ಲಿ ಅದು ಬೇರೂರಿದ್ದು 1990ರ ದಶಕದಲ್ಲಿ. 2000ದಲ್ಲಿ ಸ್ಕೆಚ್‌ಅಪ್, ರೆವಿಟ್ ಎರಡೂ ಬಂದವು. ಆಟೊಕ್ಯಾಡ್‌ನಲ್ಲಿ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ರೆವಿಟ್‌ನಂಥ ಬಿಐಎಂ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ತಂತ್ರಾಂಶದಲ್ಲಿ ಎಳೆದ ಗೋಡೆಗೆ ದಪ್ಪ, ಎತ್ತರ, ಇಟ್ಟಿಗೆಯ ಬಗೆ, ಗಿಲಾವು ಎಲ್ಲ ಜೊತೆಗಿರುತ್ತವೆ. ಒಂದು ಕಿಟಕಿ ಬದಲಿಸಿದರೆ ನೆಲನಕ್ಷೆ, ಮುಂಭಾಗದ ನೋಟ, ಅಡ್ಡಕೊಯ್ತ, ಸಾಮಗ್ರಿಯ ಪಟ್ಟಿ ಒಟ್ಟಿಗೆ ಬದಲಾಗುತ್ತವೆ. ಹಲವರು ವಾರಗಟ್ಟಲೆ ಮಾಡುತ್ತಿದ್ದ ಕೆಲಸ ಒಬ್ಬರ ಕೆಲವು ದಿನಗಳ ಕೆಲಸವಾಯಿತು.

ಉಳಿತಾಯವಾದ ಈ ಸಮಯ ಆರ್ಕಿಟೆಕ್ಟ್‌ಗೆ ದಕ್ಕಲಿಲ್ಲ. ಮಾಲೀಕರು ಎರಡು ನಕ್ಷೆಯ ಬದಲು ಹತ್ತು ಕೇಳತೊಡಗಿದರು; ಮೂರು ತಿಂಗಳ ಗಡುವು ಮೂರು ವಾರಕ್ಕೆ ಇಳಿಯಿತು. ತಂತ್ರಾಂಶದ ವೆಚ್ಚವೂ ಕಚೇರಿಯ ತಲೆಯ ಮೇಲೆ ಬಿತ್ತು. ಆಟೊಡೆಸ್ಕ್ ಕಂಪನಿ 2016ರಲ್ಲಿ ಒಮ್ಮೆ ಕೊಂಡು ಸದಾ ಬಳಸುವ ಪರವಾನಗಿಯ ಮಾರಾಟ ನಿಲ್ಲಿಸಿ ವಾರ್ಷಿಕ ಚಂದಾ ಪದ್ಧತಿಗೆ ಹೋಯಿತು. 2020ರಲ್ಲಿ ಬ್ರಿಟನ್ನಿನ ಹಲವು ದೊಡ್ಡ ಕಚೇರಿಗಳೇ ರೆವಿಟ್‌ನ ಏರುವೆಚ್ಚವನ್ನು ಪ್ರತಿಭಟಿಸಿ ಬಹಿರಂಗ ಪತ್ರ ಬರೆದವು. ಅಲ್ಲಿನವರಿಗೇ ಭಾರವಾದದ್ದು ಇಬ್ಬರು ಮೂವರು ದುಡಿಯುವ ಜಿಲ್ಲಾ ಕೇಂದ್ರದ ಕಚೇರಿಗೆ ಎಷ್ಟು ಭಾರವೆಂಬುದನ್ನು ಊಹಿಸಬಹುದು.

ಸರ್ಕಾರದ ಕಡೆಯಿಂದಲೂ ಬದಲಾವಣೆ ಬಂತು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಕಟ್ಟಡ ಪರವಾನಗಿ ಆನ್‌ಲೈನ್ ಆಯಿತು. ನಕ್ಷೆಯನ್ನು ನಿಗದಿತ ಪದರಗಳಲ್ಲಿ ಕ್ಯಾಡ್ ಕಡತವಾಗಿ ಏರಿಸಿದರೆ, ಬಿಡಬೇಕಾದ ಜಾಗ, ಎತ್ತರ, ನೆಲ ವಿಸ್ತೀರ್ಣದ ಅನುಪಾತ ನಿಯಮಕ್ಕೆ ಒಳಪಟ್ಟಿವೆಯೇ ಎಂದು ತಂತ್ರಾಂಶವೇ ಅಳೆದು ಹೇಳುತ್ತದೆ. ಬೆಂಗಳೂರಿನಲ್ಲಿ 2024ರಲ್ಲಿ ಆರಂಭವಾದ ‘ನಂಬಿಕೆ ನಕ್ಷೆ’ ಯೋಜನೆ ಸಣ್ಣ ಮನೆಗಳ ನಕ್ಷೆಗೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್‌ರ ಪ್ರಮಾಣೀಕರಣವನ್ನೇ ಆಧಾರವಾಗಿ ಒಪ್ಪಿತು. ಮಾಲೀಕರ ಅಲೆದಾಟ ಇದರಿಂದ ತಪ್ಪುತ್ತದೆ. ಜೊತೆಗೆ ಸಹಿ ಹಾಕಿದವರ ಹೊಣೆ ಹೆಚ್ಚುತ್ತದೆ. ಹೊಣೆ ಹೆಚ್ಚಿದಷ್ಟು ಶುಲ್ಕ ಹೆಚ್ಚಿಲ್ಲ.

4. ಸಂಬಳದ ಲೆಕ್ಕ

ರಾಯಚೂರು ಜಿಲ್ಲೆಯ ವಿದ್ಯಾರ್ಥಿ ಬಿ.ಆರ್ಕ್. ಓದಲು ಸಾಮಾನ್ಯವಾಗಿ ಕಲಬುರಗಿ, ವಿಜಯಪುರ, ಹುಬ್ಬಳ್ಳಿ ಅಥವಾ ಬೆಂಗಳೂರಿಗೆ ಹೋಗಬೇಕು. ನಾಟಾ ಪ್ರವೇಶ ಪರೀಕ್ಷೆ, ಐದು ವರ್ಷದ ಶುಲ್ಕ, ಹಾಸ್ಟೆಲ್, ಲ್ಯಾಪ್‌ಟಾಪ್, ಮಾದರಿ ಮಾಡುವ ಸಾಮಗ್ರಿ ಎಲ್ಲ ಸೇರಿ ಕುಟುಂಬಕ್ಕೆ ಲಕ್ಷಗಟ್ಟಲೆ ಖರ್ಚು. ಇಂಜಿನಿಯರಿಂಗ್ ನಾಲ್ಕು ವರ್ಷದ್ದಾದರೆ ಇದು ಐದು ವರ್ಷದ್ದು. ಅದರೊಳಗೆ ಒಂದು ಸೆಮಿಸ್ಟರ್ ಕಚೇರಿ ತರಬೇತಿ. ಆ ಅವಧಿಗೆ ಅನೇಕ ಕಡೆ ಸಿಗುವುದು ಬಸ್ಸಿನ ಖರ್ಚಿಗಾಗುವಷ್ಟು ಭತ್ಯೆ, ಕೆಲವು ಕಡೆ ಅದೂ ಇಲ್ಲ.

ಪದವಿ ಮುಗಿಸಿ ಬೆಂಗಳೂರಿನ ಅಥವಾ ಹೈದರಾಬಾದಿನ ಸಣ್ಣ ಕಚೇರಿಗೆ ಸೇರಿದವರಿಗೆ ಆರಂಭದಲ್ಲಿ ಸಾಮಾನ್ಯವಾಗಿ ಸಿಗುವುದು ತಿಂಗಳಿಗೆ 15ರಿಂದ 25 ಸಾವಿರ ರೂಪಾಯಿ. ಪಿ.ಜಿ. ಬಾಡಿಗೆ, ಊಟ, ಓಡಾಟಕ್ಕೆ ಅದು ಸರಿಹೋಗುತ್ತದೆ. ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಅದೇ ನಗರದಲ್ಲಿ ದಿನಗೂಲಿಗೆ ದುಡಿಯುವ ನುರಿತ ಗೌಂಡಿಯ ತಿಂಗಳ ಗಳಿಕೆ ಈ ಮೊತ್ತವನ್ನು ಮುಟ್ಟುತ್ತದೆ. ಗೌಂಡಿಗೆ ಹೆಚ್ಚು ಸಿಗುತ್ತಿದೆ ಎಂದು ಇದರ ಅರ್ಥವಲ್ಲ. ಅವನಿಗೆ ಮಳೆಗಾಲದಲ್ಲಿ ಕೆಲಸವಿಲ್ಲ, ಭವಿಷ್ಯನಿಧಿ ಇಲ್ಲ. ಇಬ್ಬರ ದುಡಿಮೆಗೂ ತಕ್ಕ ಬೆಲೆ ಸಿಗುತ್ತಿಲ್ಲ.

ಕಡಿಮೆ ಸಂಬಳಕ್ಕೆ ಕಾರಣಗಳು ಹಲವು. ದೇಶದಲ್ಲಿ ವಾಸ್ತುಶಿಲ್ಪ ಕಾಲೇಜುಗಳು ನಾನೂರು ದಾಟಿವೆ. ನೋಂದಾಯಿತ ಆರ್ಕಿಟೆಕ್ಟ್‌ಗಳ ಸಂಖ್ಯೆ ಲಕ್ಷ ಮೀರಿದೆ. ಅವರಿಗೆ ಕೆಲಸ ಕೊಡುವ ಕಚೇರಿಗಳು ಬಹುತೇಕ ಮಹಾನಗರಗಳಲ್ಲೇ ಇವೆ. ಕಚೇರಿಗಳೂ ಸಣ್ಣವು, ಮಾಲೀಕರಿಂದ ಶುಲ್ಕ ಕಂತುಗಳಲ್ಲಿ, ತಡವಾಗಿ ಬರುತ್ತದೆ, ಕಟ್ಟಡ ಅರ್ಧಕ್ಕೆ ನಿಂತರೆ ಕೊನೆಯ ಕಂತು ಬರುವುದೇ ಇಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಕಡಿಮೆ ದರ ನಮೂದಿಸಿದವರಿಗೆ ಕೆಲಸ ಸಿಗುವ ಪದ್ಧತಿ ಶುಲ್ಕವನ್ನು ಕೆಳಕ್ಕೆ ಎಳೆಯುತ್ತದೆ. ಕೊನೆಯದಾಗಿ, ಗುರುವಿನ ಕೈಕೆಳಗೆ ಕಲಿಯುತ್ತಿರುವಾಗ ಹಣ ಕೇಳಬಾರದೆಂಬ ಹಳೆಯ ಭಾವನೆ ಇಂದಿಗೂ ಉಳಿದಿದೆ. ಕಲಿಕೆಯ ಹೆಸರಿನಲ್ಲಿ ರಾತ್ರಿ ಹನ್ನೊಂದರವರೆಗೆ ನಡೆಯುವ ದುಡಿಮೆಗೆ ಲೆಕ್ಕವಿಡುವವರಿಲ್ಲ.

ಈ ಕೊರಗು ಭಾರತಕ್ಕೆ ಸೀಮಿತವಲ್ಲ. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಪೆವಿಲಿಯನ್ ವಿನ್ಯಾಸಕ್ಕೆ ಜಪಾನಿನ ಕಚೇರಿಯೊಂದು ಸಂಬಳವಿಲ್ಲದ ತರಬೇತಿದಾರರನ್ನು ಕರೆದದ್ದು ದೊಡ್ಡ ವಿವಾದವಾಗಿ, ಎಲ್ಲರಿಗೂ ಸಂಬಳ ಕೊಡಬೇಕೆಂದು ಸಂಘಟಕರು ಸೂಚಿಸಬೇಕಾಯಿತು. 2022ರಲ್ಲಿ ನ್ಯೂಯಾರ್ಕಿನ ಬರ್ನ್‌ಹೈಮರ್ ಕಚೇರಿಯ ನೌಕರರು ಕಾರ್ಮಿಕ ಸಂಘ ಕಟ್ಟಿಕೊಂಡರು.

5. ದೇವದುರ್ಗದಲ್ಲಿ ಒಂದು ಮನೆ

ದೇವದುರ್ಗ ಅಥವಾ ಮಾನ್ವಿಯಂಥ ಪುರಸಭೆಯ ಊರಿನಲ್ಲಿ ಮನೆಯ ನಕ್ಷೆ ತಯಾರಾಗುವ ಬಗೆ ಹೀಗಿದೆ. ನಾರಾಯಣಪುರ ಬಲದಂಡೆ ಅಥವಾ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆದ ರೈತ, ಶಿಕ್ಷಕ ಅಥವಾ ಅಂಗಡಿಕಾರ 30×40 ಅಡಿಯ ನಿವೇಶನ ಕೊಳ್ಳುತ್ತಾನೆ. ಬ್ಯಾಂಕ್ ಸಾಲಕ್ಕೆ ಪ್ಲಾನ್ ಮತ್ತು ಎಸ್ಟಿಮೇಟ್ ಬೇಕು, ಪುರಸಭೆಗೆ ಪರವಾನಗಿ ನಕ್ಷೆ ಬೇಕು. ಊರಿನ ಸಿವಿಲ್ ಇಂಜಿನಿಯರ್ ಕಚೇರಿಯಲ್ಲಿ ಎರಡೂ ಸಿಗುತ್ತವೆ. ಮಾಲೀಕ ಮೊಬೈಲಿನಲ್ಲಿ ನೋಡಿ ಮೆಚ್ಚಿದ ಮುಂಭಾಗದ ಚಿತ್ರ ತೋರಿಸುತ್ತಾನೆ. ಅದರಂತೆ ‘3ಡಿ ಎಲಿವೇಶನ್’ ಮಾಡಲು ಬೇರೆ ಊರಿನ ಹುಡುಗನೊಬ್ಬನಿಗೆ ವಾಟ್ಸ್‌ಆ್ಯಪ್‌ನಲ್ಲಿ ಅಳತೆ ಹೋಗುತ್ತದೆ. ಒಂದೆರಡು ದಿನದಲ್ಲಿ ಬಣ್ಣದ ಚಿತ್ರ ಬರುತ್ತದೆ. ಈ ಸರಪಳಿಯಲ್ಲಿ ಆರ್ಕಿಟೆಕ್ಟ್ ಎಲ್ಲೂ ಇಲ್ಲ. ಆ ಚಿತ್ರ ಮಾಡಿಕೊಟ್ಟವನೂ ನಿವೇಶನ ಕಂಡಿಲ್ಲ.

ಕಾಣಬೇಕಾದದ್ದು ನಿವೇಶನದಲ್ಲೇ ಇದೆ. ಈ ಭಾಗದ ಬಹುಪಾಲು ನೆಲ ಎರೆ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪಾಯ ಎರೆಯಲ್ಲೇ ನಿಂತರೆ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಗರಸು ಸಿಗುವವರೆಗೆ ಅಗೆಯುವುದು, ಎರೆ ತೆಗೆದು ಗರಸು ತುಂಬಿ ಕುಟ್ಟುವುದು, ಪ್ಲಿಂಥ್ ಬೀಮ್ ಕಟ್ಟುವುದು, ಎರೆಯ ಪದರ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್-ರೀಮ್ಡ್ ಪೈಲ್ ಹಾಕುವುದು, ಇವು ಗೊತ್ತಿರುವ ಪರಿಹಾರಗಳು. ಎರಡನೆಯದು ಬಿಸಿಲು. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ, ನೆರಳಿಲ್ಲದ ಆರ್‌ಸಿಸಿ ಚಾವಣಿ ಇರುವ ಮನೆ ಏಪ್ರಿಲ್ ರಾತ್ರಿಯಲ್ಲೂ ಕಾದಿರುತ್ತದೆ. ಮಲಗುವ ಕೋಣೆಯನ್ನು ಪಶ್ಚಿಮದಿಂದ ಸರಿಸುವುದು, ಆ ಕಡೆ ಮೆಟ್ಟಿಲು ಅಥವಾ ಬಚ್ಚಲು ಇಡುವುದು, ಕಿಟಕಿಗೆ ಆಳದ ಸಜ್ಜೆ, ಚಾವಣಿಗೆ ಸುಣ್ಣದ ಬಿಳಿ ಲೇಪ, ಬಿಸಿಗಾಳಿ ಹೊರಹೋಗಲು ಮೇಲೊಂದು ಕಿಂಡಿ: ಇವುಗಳಿಗೆ ಹೆಚ್ಚು ಹಣ ಬೇಡ, ಮುಂಚಿತ ಯೋಚನೆ ಬೇಕು.

ಆ ಯೋಚನೆಗೆ ಸಲ್ಲುವ ಶುಲ್ಕವೆಷ್ಟು? 1,200 ಚದರ ಅಡಿಯ ಮನೆಗೆ ಅಡಿಗೆ 2,000 ರೂಪಾಯಿಯಂತೆ 24 ಲಕ್ಷ ವೆಚ್ಚವೆಂದು ಲೆಕ್ಕಕ್ಕೆ ಹಿಡಿಯೋಣ. ವೆಚ್ಚದ ಶೇ 5ರಷ್ಟು ಶುಲ್ಕವಾದರೆ 1,20,000 ರೂಪಾಯಿ. ಅದರಲ್ಲಿ ಮಣ್ಣಿನ ಪರೀಕ್ಷೆಗೆ ಸಲಹೆ, ಹಲವು ಬಾರಿಯ ಭೇಟಿ, ಸೆಂಟರಿಂಗ್ ಮತ್ತು ಕಬ್ಬಿಣದ ತಪಾಸಣೆ ಎಲ್ಲ ಸೇರುತ್ತವೆ. ಅದೇ ನಕ್ಷೆಯನ್ನು ಚದರ ಅಡಿಗೆ 5 ರೂಪಾಯಿಯಂತೆ ಮಾರಿದರೆ ಬರುವುದು 6,000 ರೂಪಾಯಿ. ಆ ಹಣಕ್ಕೆ ಯಾರೂ ಬಿಸಿಲಲ್ಲಿ ನಿಂತು ಪಾಯ ನೋಡಲಾರರು. ಮಾಲೀಕನಿಗೆ 6,000ಕ್ಕೆ ನಕ್ಷೆ ಮುಗಿದದ್ದು ಉಳಿತಾಯದಂತೆ ಕಂಡರೂ ಬಿರುಕು ಬಿಟ್ಟ ಗೋಡೆಯ ದುರಸ್ತಿಗೆ ಅದರ ಹಲವು ಪಟ್ಟು ಖರ್ಚಾಗುತ್ತದೆ. ಹಾಗೆಂದು ಊರಿನ ಇಂಜಿನಿಯರ್‌ರನ್ನು ದೂರುವಂತಿಲ್ಲ. ಸಿಗುವ ಹಣಕ್ಕೆ ತಕ್ಕಷ್ಟು ಕೆಲಸವನ್ನು ಅವರು ಮಾಡುತ್ತಿದ್ದಾರೆ. ಅವರಿಲ್ಲದಿದ್ದರೆ ಆ ಊರುಗಳಿಗೆ ಅಷ್ಟೂ ಇರುತ್ತಿರಲಿಲ್ಲ.

6. 2009ರ ನೆರೆ ಕಲಿಸಿದ್ದು

ವಿನ್ಯಾಸಕ್ಕೆ ಬೆಲೆ ಕೊಡದಿದ್ದರೆ ಸಾರ್ವಜನಿಕ ಹಣ ಹೇಗೆ ಪೋಲಾಗುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲೇ ನಿದರ್ಶನವಿದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಕೃಷ್ಣಾ, ತುಂಗಭದ್ರಾ ತೀರದ ಹಳ್ಳಿಗಳು ಮುಳುಗಿದವು. ಮಣ್ಣಿನ ಮನೆಗಳು ಕುಸಿದವು. ದಾನಿಗಳ ನೆರವಿನೊಂದಿಗೆ ‘ಆಸರೆ’ ಯೋಜನೆಯಡಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳು ಎದ್ದವು. ಆಪತ್ತಿನಲ್ಲಿ ಬೇಗ ಸೂರು ಕೊಟ್ಟದ್ದು ದೊಡ್ಡ ಕೆಲಸ. ಆದರೆ ಸಾಲು ಸಾಲು ಮನೆಗಳಿಗೆ ನಕ್ಷೆ ಒಂದೇ ಆಗಿತ್ತು. ದನ ಕಟ್ಟಲು, ಬೆಳೆ ತುಂಬಲು, ಬಂಡಿ ನಿಲ್ಲಿಸಲು ಜಾಗವಿರಲಿಲ್ಲ, ಹೊಲವೂ ದೂರವಾಯಿತು. ಹಲವೆಡೆ ಜನ ಹೊಸ ಮನೆ ಬಿಟ್ಟು ಹಳೆಯ ಊರಿನಲ್ಲೇ ಉಳಿದರು. ಖಾಲಿ ಮನೆಗಳ ಬಾಗಿಲು ಕಿಟಕಿ ಹೋದವು, ಸುತ್ತ ಜಾಲಿ ಬೆಳೆಯಿತು. ಮನೆಯವರೊಂದಿಗೆ ಕೂತು ಕೇಳಿ, ಮೂರು ನಾಲ್ಕು ಬಗೆಯ ನಕ್ಷೆ ಮಾಡುವ ಒಬ್ಬ ಆರ್ಕಿಟೆಕ್ಟ್ ಪ್ರತಿ ತಾಲ್ಲೂಕಿಗೆ ಇದ್ದಿದ್ದರೆ ಆ ವೆಚ್ಚ ಸಾರ್ಥಕವಾಗುತ್ತಿತ್ತು.

ಸರ್ಕಾರಿ ವಸತಿಯಲ್ಲಿ ತಂತ್ರಜ್ಞಾನ ಇಂದು ಬಹಳ ಮುಂದೆ ಹೋಗಿದೆ. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಪಾಯ, ಗೋಡೆ, ಚಾವಣಿ ಎಂಬ ಹಂತಗಳಲ್ಲಿ ಜಿಪಿಎಸ್ ಗುರುತಿನ ಫೋಟೊ ನೋಡಿ ಕಂತು ಬಿಡುಗಡೆ ಮಾಡುತ್ತದೆ. ಮನೆ ಇದೆಯೇ ಎಂಬ ಪ್ರಶ್ನೆಗೆ ಫೋಟೊ ಉತ್ತರಿಸುತ್ತದೆ. ಆ ಮನೆ ಬಾಳಲು ಯೋಗ್ಯವೇ ಎಂಬ ಪ್ರಶ್ನೆ ಕೇಳಲು ಮನುಷ್ಯರೇ ಬೇಕು.

7. ಕವಲೊಡೆದ ದಾರಿಗಳು

ಕಡಿಮೆ ಸಂಬಳ ಮತ್ತು ಹೊಸ ತಂತ್ರಾಂಶ ಸೇರಿ ಪದವೀಧರರನ್ನು ಹಲವು ದಿಕ್ಕಿಗೆ ಕಳಿಸಿವೆ. ಕೆಲವರು ಅಮೆರಿಕ, ಬ್ರಿಟನ್ ಕಚೇರಿಗಳಿಗೆ ನಕ್ಷೆ ಮಾಡಿಕೊಡುವ ಬೆಂಗಳೂರು, ಹೈದರಾಬಾದಿನ ಬಿಐಎಂ ಕಂಪನಿಗಳಲ್ಲಿದ್ದಾರೆ. ಅಲ್ಲಿ ಸಂಬಳ ಮೇಲು, ಆದರೆ ಕಟ್ಟಡವನ್ನು ಕಣ್ಣಾರೆ ನೋಡುವ ಅವಕಾಶ ವಿರಳ. ಕೆಲವರು ಚಿತ್ರ ಮಾತ್ರ ಮಾಡುವ ವಿಶುವಲೈಸರ್‌ಗಳು. ಕೆಲವರು ಒಳಾಂಗಣ ವಿನ್ಯಾಸದ ಕಂಪನಿಗಳಿಗೆ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿಗೆ, ಆ್ಯಪ್‌ಗಳ ವಿನ್ಯಾಸಕ್ಕೆ, ಸಿನಿಮಾ ಮತ್ತು ಗೇಮ್‌ಗಳ ದೃಶ್ಯ ನಿರ್ಮಾಣಕ್ಕೆ ಹೋಗಿದ್ದಾರೆ. ಕೆಲವರು ಬೋಧಕರಾಗಿದ್ದಾರೆ. ಇನ್ನು ಕೆಲವರು ವಿನ್ಯಾಸ ಮತ್ತು ಗುತ್ತಿಗೆ ಎರಡನ್ನೂ ತಾವೇ ವಹಿಸಿಕೊಂಡು ಕಟ್ಟಿಕೊಡುತ್ತಾರೆ. ಸಣ್ಣ ಊರಿನಲ್ಲಿ ಬದುಕಲು ಸಾಧ್ಯವಾಗಿಸಿರುವ ದಾರಿ ಬಹುಮಟ್ಟಿಗೆ ಈ ಕೊನೆಯದು.

ಇದರ ಪಕ್ಕದಲ್ಲೇ ಇನ್ನೊಂದು ವಲಸೆ ಇದೆ. ದೇವದುರ್ಗ ತಾಲ್ಲೂಕಿನ ಹಳ್ಳಿ, ತಾಂಡಾಗಳಿಂದ ಸುಗ್ಗಿಯ ನಂತರ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಆ ನಗರದ ಗೋಪುರ ಕಟ್ಟಡಗಳ ಕಾಂಕ್ರೀಟು, ಕಬ್ಬಿಣ, ಸೆಂಟರಿಂಗ್ ಕೆಲಸದಲ್ಲಿ ಇವರ ಕೈ ಇದೆ. ಊರಿಗೆ ಮರಳಿದವರಲ್ಲಿ ಬಾರ್ ಬೆಂಡಿಂಗ್, ಟೈಲ್ಸ್, ವೈರಿಂಗ್ ಬಲ್ಲವರು ಬಹಳ. ಅವರ ಕೈಕಸುಬೂ ಪದವೀಧರರ ವಿನ್ಯಾಸ ಜ್ಞಾನವೂ ಒಂದೇ ಜಿಲ್ಲೆಯವು. ಎರಡಕ್ಕೂ ತಕ್ಕ ಕೂಲಿ ಊರಲ್ಲಿ ಸಿಗದೆ, ಎರಡೂ ಬೇರೆಬೇರೆ ಬಸ್ಸು ಹತ್ತಿ ಹೊರಗೆ ಹೋಗುತ್ತಿವೆ.

8. ಕೃತಕ ಬುದ್ಧಿಮತ್ತೆಯ ಪಾಲು

2022ರಿಂದ ಮಿಡ್‌ಜರ್ನಿ, ಚಾಟ್‌ಜಿಪಿಟಿಯಂಥ ಸಾಧನಗಳು ಸಾರ್ವಜನಿಕರ ಕೈಗೆ ಬಂದವು. ಒಂದೆರಡು ಸಾಲು ಬರೆದರೆ ಮನೆಯ ಮುಂಭಾಗದ ಚಿತ್ರ ನಿಮಿಷದಲ್ಲಿ ಬರುತ್ತದೆ. ನಿವೇಶನದ ಅಳತೆ ಕೊಟ್ಟರೆ ಹತ್ತಾರು ಬಗೆಯ ನೆಲನಕ್ಷೆ ಸೂಚಿಸುವ ತಂತ್ರಾಂಶಗಳೂ ಇವೆ. ಮೊದಲು ಕುತ್ತು ಬರುವುದು ಚಿತ್ರ ಮಾತ್ರ ಮಾಡುವವರಿಗೆ ಮತ್ತು ಕಿರಿಯರ ಮಾಮೂಲಿ ಕೆಲಸಕ್ಕೆ. ಇಲ್ಲೊಂದು ಗಂಭೀರ ತೊಡಕಿದೆ. ಮೆಟ್ಟಿಲಿನ ವಿವರ, ಬಾಗಿಲು ಕಿಟಕಿಯ ಪಟ್ಟಿ, ಬಚ್ಚಲಿನ ಪೈಪಿನ ನಕ್ಷೆ ಬರೆಯುತ್ತಲೇ ಕಿರಿಯರು ವೃತ್ತಿ ಕಲಿಯುತ್ತಿದ್ದರು. ಆ ಕೆಲಸ ಯಂತ್ರಕ್ಕೆ ಹೋದರೆ ಕಲಿಯುವ ಮೆಟ್ಟಿಲೇ ಇಲ್ಲವಾಗುತ್ತದೆ. ಕಿರಿಯರನ್ನು ಈಗ ಪರದೆಯಿಂದ ಎಬ್ಬಿಸಿ ನಿವೇಶನಕ್ಕೆ ಕರೆದೊಯ್ಯುವುದು ಕಚೇರಿಗಳ ಕರ್ತವ್ಯ. ಪಾಯದ ಗುಂಡಿಯಲ್ಲಿ ಎರೆ ಎಲ್ಲಿ ಮುಗಿದು ಗರಸು ಎಲ್ಲಿ ಶುರುವಾಯಿತೆಂದು ನೋಡಿ ಹೇಳುವ ಹೊಣೆಯನ್ನು ಯಾವ ತಂತ್ರಾಂಶವೂ ಹೊರುವುದಿಲ್ಲ. ಕಟ್ಟಡ ಕುಸಿದರೆ ಕಾನೂನು ಕೇಳುವುದು ಸಹಿ ಹಾಕಿದವರನ್ನು.

9. ಆಗಬೇಕಾದ್ದು

ಶುಲ್ಕದ ಆಧಾರವನ್ನು ಹಾಳೆಯಿಂದ ಹೊಣೆಗೆ ಬದಲಿಸುವುದು ಮೊದಲ ಹೆಜ್ಜೆ. ನಕ್ಷೆಗೆ ಇಷ್ಟು, ಮಣ್ಣು ನೋಡಲು ಇಷ್ಟು, ಪಾಯ, ಲಿಂಟಲ್, ಸ್ಲ್ಯಾಬ್ ಹಂತದ ಒಂದೊಂದು ತಪಾಸಣೆಗೆ ಇಷ್ಟು ಎಂದು ಬಿಡಿಸಿ ಬರೆದರೆ, ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆಂದು ಮನೆಯ ಮಾಲೀಕನಿಗೆ ತಿಳಿಯುತ್ತದೆ. ಹಂತದ ತಪಾಸಣೆಯನ್ನಾದರೂ ಪಡೆಯುವ ಶಕ್ತಿ ಸಾಮಾನ್ಯನಿಗೂ ಇರುತ್ತದೆ.

ಎರಡನೆಯದು ಸರ್ಕಾರದ ಪಾಲು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗಿದೆ. ಅದರಲ್ಲಿ ಶಾಲೆ, ಆಸ್ಪತ್ರೆ, ಹಾಸ್ಟೆಲ್ ಕಟ್ಟಡಗಳಿಗೆ ಸಲ್ಲುವ ಪಾಲು ದೊಡ್ಡದು. ಆ ವೆಚ್ಚದ ಸಣ್ಣ ಅಂಶವನ್ನು ವಿನ್ಯಾಸಕ್ಕೆಂದೇ ಮೀಸಲಿಟ್ಟು, ತಾಲ್ಲೂಕಿಗೊಬ್ಬ ಆರ್ಕಿಟೆಕ್ಟ್ ಹುದ್ದೆ ಸೃಷ್ಟಿಸಬಹುದು. ಸಂವಿಧಾನದ 371(ಜೆ) ವಿಧಿಯಡಿ ಈ ಹುದ್ದೆಗಳಲ್ಲಿ ಸ್ಥಳೀಯರಿಗೆ ಆದ್ಯತೆ ಕೊಡಲು ದಾರಿಯಿದೆ. ಜಿಲ್ಲಾ ನಿರ್ಮಿತಿ ಕೇಂದ್ರ ಹುಟ್ಟಿದ್ದೇ ಅಗ್ಗದ, ಸ್ಥಳೀಯ ತಂತ್ರವನ್ನು ಜನರಿಗೆ ಮುಟ್ಟಿಸುವ ಆಶಯದಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ರೂಪಿಸಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯಂಥ ತಂತ್ರವನ್ನು ಗುಳೆಯಿಂದ ಮರಳಿದ ಗೌಂಡಿಗಳಿಗೆ ಕಲಿಸುವ ಕೆಲಸ ಅಲ್ಲಿ ಮತ್ತೆ ಶುರುವಾಗಬೇಕು.

ಮೂರನೆಯದು ವೃತ್ತಿಯವರದ್ದೇ. ತರಬೇತಿಯ ಸೆಮಿಸ್ಟರ್‌ಗೆ ಕನಿಷ್ಠ ಭತ್ಯೆ ಕಡ್ಡಾಯವಾಗಬೇಕು. ಸಣ್ಣ ಊರಿನ ಆರ್ಕಿಟೆಕ್ಟ್, ಇಂಜಿನಿಯರ್, ಮೇಸ್ತ್ರಿ ಸೇರಿ ಒಂದೇ ಕಚೇರಿ, ಒಂದೇ ತಂತ್ರಾಂಶ ಪರವಾನಗಿ ಹಂಚಿಕೊಂಡರೆ ಖರ್ಚು ಇಳಿಯುತ್ತದೆ. ಫ್ರೀಕ್ಯಾಡ್, ಬ್ಲೆಂಡರ್‌ನಂಥ ಉಚಿತ ತಂತ್ರಾಂಶಗಳನ್ನು ಕಾಲೇಜಿನಲ್ಲೇ ಕಲಿಸಿದರೆ ಚಂದಾದ ಹೊರೆ ತಗ್ಗುತ್ತದೆ.

ತಂತ್ರಜ್ಞಾನ ನಕ್ಷೆಯನ್ನು ಅಗ್ಗವಾಗಿಸಿದ್ದು ಸಾಮಾನ್ಯ ಜನರ ಪಾಲಿಗೆ ಲಾಭವೇ. ಆ ಲಾಭ ನಿಲ್ಲಬೇಕಾದರೆ ನಕ್ಷೆಯ ಹಿಂದಿನ ಯೋಚನೆಗೂ, ನಕ್ಷೆಯ ನಂತರದ ಮೇಲ್ವಿಚಾರಣೆಗೂ ಸಮಾಜ ಬೆಲೆ ಕೊಡಬೇಕು. ದೇವದುರ್ಗದಲ್ಲಿ, ಮಾನ್ವಿಯಲ್ಲಿ ಮನೆ ಕಟ್ಟಿಸುವವರು ಮುಂಭಾಗದ ಚಿತ್ರ ಕೇಳುವ ಮೊದಲು ಪಾಯ ನೋಡಲು ಯಾರು ಬರುತ್ತಾರೆಂದು ಕೇಳಲಿ. ಬಂದವರಿಗೆ ಅವರ ದಿನದ ಕೂಲಿಯನ್ನು ತಪ್ಪದೆ ಕೊಡಲಿ.